ಸಂಜೆ ಏಳಕ್ಕೆ ಕೈಕೊಡುವ ಇಂಟರ್ನೆಟ್: ಲ್ಯಾಪ್‌ಟಾಪ್ ಬದಲಿಸುವ ಮೊದಲು

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ಮನೆಗೆ ಫೈಬರ್ ಕನೆಕ್ಷನ್ ಬಂದು ಎರಡು ವರ್ಷವಾಯಿತು. ನಾನು ಸಂಜೆ 6ರಿಂದ 8ರವರೆಗೆ ಲ್ಯಾಪ್‌ಟಾಪ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್ ಗಣಿತ ಪಾಠ ಹೇಳುತ್ತೇನೆ. ನಾಲ್ಕೈದು ತಿಂಗಳಿಂದ ಹೆಚ್ಚುಕಡಿಮೆ ದಿನಾ ಏಳು ಗಂಟೆ ಸುಮಾರಿಗೆ ನೆಟ್ ಹೋಗುತ್ತದೆ. ವೈಫೈ ಇದೆ ಎಂದೇ ತೋರಿಸುತ್ತದೆ, ಆದರೆ ಜೊತೆಗೆ ‘ನೋ ಇಂಟರ್ನೆಟ್’ ಎಂದು ಬರುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಅರ್ಧ ಗಂಟೆಗೆ ಮತ್ತೆ ಅದೇ ಕಥೆ. ಅದೇ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ನೆಟ್ ಬರುತ್ತಿರುತ್ತದೆ. ಹಾಗಾಗಿ ಲ್ಯಾಪ್‌ಟಾಪೇ ಹಾಳಾಗಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕನೆಕ್ಷನ್ ಕೊಟ್ಟವರು ಮೂರು ಸಲ ಬಂದು ನೋಡಿ ‘ಲೈನ್ ಸರಿ ಇದೆ ಮೇಡಂ’ ಎಂದು ಹೋದರು. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದ್ದೂ ಆಯಿತು. ರೂಟರ್‌ನ ದೀಪಗಳೆಲ್ಲ ಹಸಿರಾಗಿಯೇ ಇರುತ್ತವೆ. ಮಹಡಿಯ ರೂಮಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಮಗ ಹಳೆಯ ರೂಟರ್ ಒಂದನ್ನು ಕೇಬಲ್ ಎಳೆದು ಹಾಕಿಕೊಂಡಿದ್ದಾನೆ. ಕಾಲೇಜಿನಿಂದ ಬಂದು ಓದಲು ಕೂತಾಗ ಮಾತ್ರ ಅದನ್ನು ಆನ್ ಮಾಡುತ್ತಾನೆ, ಅದರಿಂದ ತೊಂದರೆ ಇಲ್ಲ ಅಂದುಕೊಂಡಿದ್ದೇನೆ. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಲೇಬೇಕಾ?

ಉತ್ತರ:

ಬೇಡ ಮೇಡಂ. ಲ್ಯಾಪ್‌ಟಾಪಿಗೆ ದುಡ್ಡು ಹಾಕುವ ಯೋಚನೆ ಸದ್ಯಕ್ಕೆ ಬಿಡಿ. ನೀವು ಕೊನೆಯಲ್ಲಿ, ಇದರಿಂದ ತೊಂದರೆ ಇಲ್ಲ ಎಂದು ಬರೆದಿದ್ದೀರಲ್ಲ, ಆ ಮಹಡಿಯ ಹಳೆಯ ರೂಟರ್, ನನ್ನ ಅನುಮಾನವೆಲ್ಲ ಅದರ ಮೇಲೇ. ಆದರೆ ಅನುಮಾನದ ಮೇಲೆ ಏನನ್ನೂ ಬಿಚ್ಚುವುದು ಬೇಡ. ಮೊದಲು ಖಾತ್ರಿ ಮಾಡಿಕೊಳ್ಳೋಣ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೊದಲು ಮೊಬೈಲ್ ವಿಷಯ. ‘ಮೊಬೈಲ್‌ನಲ್ಲಿ ಬರುತ್ತೆ, ಲ್ಯಾಪ್‌ಟಾಪ್‌ನಲ್ಲಿ ಬರಲ್ಲ’ ಎಂಬ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಕೇಳಿದ ತಕ್ಷಣ ನಾನು ಮಾಡುವ ಕೆಲಸ ಒಂದೇ. ಆ ಮೊಬೈಲನ್ನು ಕೈಗೆ ತೆಗೆದುಕೊಂಡು ಮೊಬೈಲ್ ಡೇಟಾ ಆಫ್ ಮಾಡುತ್ತೇನೆ. ಈಗಿನ ಹೆಚ್ಚಿನ ಫೋನ್‌ಗಳು ವೈಫೈನಲ್ಲಿ ಇಂಟರ್ನೆಟ್ ಬರುತ್ತಿಲ್ಲ ಎಂದು ಗೊತ್ತಾದ ಕೂಡಲೇ ಸಿಮ್‌ನ ಡೇಟಾಕ್ಕೆ ತಾವೇ ಬದಲಾಗುತ್ತವೆ. ನಮ್ಮನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಲ್ಯಾಪ್‌ಟಾಪಿಗೆ ಸಿಮ್ ಇಲ್ಲ, ಪಾಪ, ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಇಲ್ಲಿ ಸತ್ಯ ಹೇಳಿದ್ದಕ್ಕೆ ಅದರ ಮೇಲೇ ತಪ್ಪು ಬಂದಿದೆ. ಮುಂದಿನ ಸಲ ನೆಟ್ ಹೋದಾಗ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಂಡು ಯಾವುದಾದರೂ ಹೊಸ ಪುಟ ತೆರೆಯಿರಿ. ಮೊದಲೇ ತೆರೆದಿದ್ದ ಪುಟ ಬೇಡ, ಅದು ಹಳೆಯದನ್ನೇ ತೋರಿಸುತ್ತದೆ. ಮೊಬೈಲ್‌ನಲ್ಲೂ ಬರದಿದ್ದರೆ ಲ್ಯಾಪ್‌ಟಾಪ್ ನಿರಪರಾಧಿ.

ಈಗ ಹೊತ್ತಿನ ಲೆಕ್ಕ ನೋಡಿ. ನಿಮ್ಮ ಪಾಠ ಶುರುವಾಗುವುದು ಆರಕ್ಕೆ. ಆರರಿಂದ ಏಳರವರೆಗೆ ಎಲ್ಲ ಸರಿ ಇರುತ್ತದೆ. ಮಗ ಬಂದು ಮೇಲಿನ ಸ್ವಿಚ್ ಹಾಕುವ ಹೊತ್ತಿಗೆ ತೊಂದರೆ ಶುರು. ಕನೆಕ್ಷನ್‌ನವರು ಬಂದಿದ್ದು ಹಗಲು ಹೊತ್ತಿನಲ್ಲೇ ಅಲ್ವಾ? ಆಗ ಮೇಲಿನ ರೂಟರ್ ಆಫ್ ಆಗಿರುತ್ತದೆ. ಅವರಿಗೆ ಎಲ್ಲ ಸರಿಯಾಗಿ ಕಂಡಿದ್ದರಲ್ಲಿ ಅವರ ತಪ್ಪಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದರೂ ಸರಿಹೋಗಲಿಲ್ಲ, ಏಕೆಂದರೆ ರೋಗ ಇದ್ದದ್ದು ಅಲ್ಲಲ್ಲ.

ಒಂದು ಹಳೆಯ ರೂಟರ್ ಇಡೀ ಮನೆಯ ನೆಟ್ ಕೆಡಿಸುವುದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದಿನ ಪರೀಕ್ಷೆಗಳು ಸುಲಭ.

ಪ್ರತಿ ರೂಟರ್‌ಗೂ ಮನೆಯೊಳಗೆ ಒಂದು ವಿಳಾಸ ಇರುತ್ತದೆ. ತುಂಬಾ ರೂಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ 192.168.1.1 ಎಂಬ ವಿಳಾಸ ಹಾಕಿಕೊಂಡು ಬರುತ್ತವೆ. ಕೆಲವು 192.168.0.1 ಎಂದು ಬರುತ್ತವೆ. ಮನೆಯಲ್ಲಿ ಒಂದೇ ರೂಟರ್ ಇದ್ದಾಗ ಇದರಿಂದ ಏನೂ ತೊಂದರೆ ಇಲ್ಲ. ಎರಡು ರೂಟರ್ ಸೇರಿ, ಎರಡಕ್ಕೂ ಅದೇ ವಿಳಾಸ ಇದ್ದರೆ, ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಬರೆದ ಹಾಗಾಗುತ್ತದೆ. ಪೋಸ್ಟ್‌ಮ್ಯಾನ್ ಒಂದು ದಿನ ಸರಿಯಾದ ಮನೆಗೆ ಕೊಡುತ್ತಾನೆ, ಇನ್ನೊಂದು ದಿನ ಪಕ್ಕದ ಮನೆಗೆ.

ನಿಮ್ಮ ಲ್ಯಾಪ್‌ಟಾಪ್ ಹೊರಗಿನ ಯಾವ ಪುಟ ಬೇಕೆಂದರೂ ಮೊದಲು ಮನೆಯೊಳಗೆ ಕೂಗಿ ಕೇಳುತ್ತದೆ: ‘192.168.1.1 ಯಾರು?’ ‘ನಾನು’ ಎಂದವರ ಮ್ಯಾಕ್ ಅಡ್ರೆಸ್ ಬರೆದಿಟ್ಟುಕೊಳ್ಳುತ್ತದೆ. ಮ್ಯಾಕ್ ಅಡ್ರೆಸ್ ಅಂದರೆ ಆ ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ 12 ಅಕ್ಷರದ ಗುರುತಿನ ಸಂಖ್ಯೆ. ಸ್ವಲ್ಪ ಹೊತ್ತು ಆ ನೆನಪಿನಲ್ಲೇ ಕೆಲಸ ಮಾಡಿ, ಆಮೇಲೆ ಮತ್ತೆ ಕೇಳುತ್ತದೆ. ಮೇಲಿನ ರೂಟರ್ ಆನ್ ಆದ ಮೇಲೆ ಈ ಕೂಗಿಗೆ ಇಬ್ಬರೂ ‘ನಾನು’ ಅನ್ನುತ್ತಾರೆ. ಲ್ಯಾಪ್‌ಟಾಪ್ ನೆನಪಿನಲ್ಲಿ ಮೇಲಿನದ್ದರ ಉತ್ತರ ಕೂತುಬಿಟ್ಟರೆ ಮುಗಿಯಿತು. ನಿಮ್ಮ ಪಾಠದ ವಿಡಿಯೋ, ನಿಮ್ಮ ಧ್ವನಿ ಎಲ್ಲ ಮಹಡಿಗೆ ಹೋಗುತ್ತದೆ. ಅಲ್ಲಿಂದ ಹೊರಗೆ ದಾರಿಯೇ ಇಲ್ಲ, ಏಕೆಂದರೆ ಫೈಬರ್ ಇರುವುದು ಕೆಳಗೆ. ಕೆಳಗಿನ ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಲ್ಯಾಪ್‌ಟಾಪ್ ಹೊಸದಾಗಿ ಕೇಳುತ್ತದೆ, ಸರಿಯಾದ ಉತ್ತರ ಸಿಕ್ಕರೆ ಮತ್ತೆ ಅರ್ಧ ಗಂಟೆ ನಡೆಯುತ್ತದೆ. ನೀವು ಬರೆದ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ. ಹಸಿರು ದೀಪ ಕೂಡ. ಫೈಬರ್‌ಗೆ ಏನೂ ಆಗಿಲ್ಲವಲ್ಲ, ದೀಪ ಕೆಂಪಾಗಲು ಕಾರಣವೇ ಇಲ್ಲ.

ಇದರ ಜೊತೆಗೆ ಇನ್ನೊಂದು ಕಿತಾಪತಿಯೂ ಇರುತ್ತದೆ. ಮನೆಯ ಪ್ರತಿ ಫೋನು, ಟಿವಿ, ಲ್ಯಾಪ್‌ಟಾಪಿಗೆ ವಿಳಾಸ ಹಂಚುವ ಕೆಲಸವೂ ರೂಟರ್‌ದೇ. ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಎರಡು ರೂಟರ್‌ಗಳೂ ಹಂಚತೊಡಗಿದರೆ, ಇದು ಕೊಟ್ಟಿದ್ದು ಅದಕ್ಕೆ ಗೊತ್ತಿರುವುದಿಲ್ಲ. ಒಂದೇ ವಿಳಾಸ ಇಬ್ಬರಿಗೂ ಹೋಗಬಹುದು.

ಪರೀಕ್ಷೆ ಹೀಗೆ ಮಾಡಿ. ಮೂರು ಸಂಜೆ ಮಹಡಿಯ ರೂಟರ್ ಆನ್ ಮಾಡುವುದೇ ಬೇಡ ಎಂದು ಮಗನಿಗೆ ಹೇಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೆಳಗಿನ ರೂಟರ್‌ನಿಂದ ಮೇಲಕ್ಕೆ ಹೋಗುವ ಕೇಬಲನ್ನೂ ಕಿತ್ತಿಡಿ. ಬೇರೆ ಏನನ್ನೂ ಮುಟ್ಟಬೇಡಿ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದೇ ಇಲ್ಲ, ತಿಂಗಳು ಬಿಟ್ಟು ಮತ್ತೆ ಬಂದಾಗ ಮೊದಲಿಂದ ಶುರು ಮಾಡಬೇಕು. ಒಂದು ಸಂಜೆ ಸಾಕಾಗುವುದಿಲ್ಲವಾ ಅಂತ ಕೇಳಬಹುದು. ನೀವೇ ‘ಹೆಚ್ಚುಕಡಿಮೆ ದಿನಾ’ ಎಂದು ಬರೆದಿದ್ದೀರಿ. ಅಂದರೆ ಕೆಲವು ದಿನ ಏನೂ ಆಗುವುದಿಲ್ಲ. ಒಂದು ದಿನದ ಫಲಿತಾಂಶ ನಂಬಲಾಗದು.

ಮೂರೂ ಸಂಜೆ ಪಾಠ ಸಲೀಸಾಗಿ ನಡೆದರೆ, ನಾಲ್ಕನೆಯ ದಿನ ಬೇಕಂತಲೇ ಕೇಬಲ್ ಹಾಕಿ ಮೇಲಿನ ರೂಟರ್ ಆನ್ ಮಾಡಿಸಿ. ಪಾಠ ಇಲ್ಲದ ಭಾನುವಾರವಾದರೆ ಒಳ್ಳೆಯದು. ಆದರೆ ಅದಕ್ಕೂ ಮೊದಲು, ನೆಟ್ ಚೆನ್ನಾಗಿರುವಾಗಲೇ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಒತ್ತಿ, ಇಂಗ್ಲಿಷಿನಲ್ಲಿ ಸಿ ಎಂ ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಹೆದರಬೇಡಿ, ಇಲ್ಲಿ ನಾವು ಬರೀ ನೋಡುತ್ತೇವೆ, ಏನನ್ನೂ ಬದಲಿಸುವುದಿಲ್ಲ. ಅಲ್ಲಿ ಎ, ಆರ್, ಪಿ ಎಂಬ ಮೂರು ಅಕ್ಷರ, ಒಂದು ಸ್ಪೇಸ್, ಒಂದು ಅಡ್ಡಗೆರೆ (ಮೈನಸ್ ಚಿಹ್ನೆ), ಅದಕ್ಕೆ ಅಂಟಿಕೊಂಡಂತೆ ಮತ್ತೊಂದು ಎ. ಎಂಟರ್. ಒಂದು ಪಟ್ಟಿ ಬರುತ್ತದೆ. ಅದರಲ್ಲಿ 192.168.1.1 ಇರುವ ಸಾಲು ಹುಡುಕಿ. ಅದರ ಎದುರಿಗೆ ಎರಡೆರಡು ಅಕ್ಷರದ ಆರು ಜೋಡಿ ಕಾಣುತ್ತದೆ. ಅದೇ ರೂಟರ್‌ನ ಮ್ಯಾಕ್ ಅಡ್ರೆಸ್. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದಿಡಿ. ಮೇಲಿನ ರೂಟರ್ ಆನ್ ಮಾಡಿಸಿ, ನೆಟ್ ಹೋಗುವವರೆಗೆ ಕಾಯಿರಿ. ಹೋದ ಕೂಡಲೇ ಅದೇ ಕಮಾಂಡ್ ಮತ್ತೆ ಕೊಡಿ. 192.168.1.1ರ ಎದುರಿಗಿನ ಆರು ಜೋಡಿ ಬದಲಾಗಿದ್ದರೆ ಕಳ್ಳ ಸಿಕ್ಕ. ಖಚಿತಪಡಿಸಿಕೊಳ್ಳಲು ಮೇಲಿನ ರೂಟರ್ ತಿರುಗಿಸಿ ಅದರ ಹೊಟ್ಟೆಯ ಮೇಲಿನ ಸ್ಟಿಕ್ಕರ್ ನೋಡಿ. ಅಲ್ಲಿ ಮ್ಯಾಕ್ ಎಂದು ಬರೆದಿರುವ ಸಂಖ್ಯೆ ಇದೇ ಇರುತ್ತದೆ, ಅಥವಾ ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ ಇರುತ್ತದೆ.

ಕಪ್ಪು ಕಿಟಕಿ ಕಷ್ಟವೆನಿಸಿದರೆ ಇನ್ನೊಂದು ದಾರಿ ಇದೆ. ನೆಟ್ ಹೋದ ಹೊತ್ತಿನಲ್ಲಿ ಬ್ರೌಸರ್‌ನ ವಿಳಾಸದ ಜಾಗದಲ್ಲಿ 192.168.1.1 ಎಂದು ಹಾಕಿ. ರೂಟರ್‌ನ ಲಾಗಿನ್ ಪುಟ ಬರುತ್ತದೆ. ಅದು ಯಾವ ಕಂಪನಿಯದು ನೋಡಿ. ಕೆಳಗೆ ಇರುವುದು ಒಂದು ಕಂಪನಿಯ ರೂಟರ್, ಪುಟ ತೋರಿಸುವುದು ಬೇರೆ ಕಂಪನಿಯ ಹೆಸರು ಎಂದಾದರೆ ಮತ್ತೆ ಸಾಕ್ಷಿ ಬೇಕಿಲ್ಲ.

ಸರಿಪಡಿಸುವುದು ಹೇಗೆ? ಹಳೆಯ ರೂಟರ್ ಎಸೆಯಬೇಕಾಗಿಲ್ಲ. ಮಗನ ಓದಿಗೂ ನೆಟ್ ಬೇಕು. ಅದಕ್ಕೆ ಬೇರೆ ಡೋರ್ ನಂಬರ್ ಕೊಟ್ಟು, ವಿಳಾಸ ಹಂಚುವ ಅಧಿಕಾರ ಕಿತ್ತುಕೊಂಡರೆ ಸಾಕು. ಮಗನ ಕೈಲೇ ಮಾಡಿಸಿ, ಇಪ್ಪತ್ತು ನಿಮಿಷದ ಕೆಲಸ.

ಮೊದಲು ಎರಡು ರೂಟರ್‌ಗಳ ನಡುವಿನ ಕೇಬಲ್ ಕಿತ್ತಿಡಿ. ಮೇಲಿನದ್ದರ ವೈಫೈಗೆ ಮಾತ್ರ ಕನೆಕ್ಟ್ ಆಗಿ 192.168.1.1ಕ್ಕೆ ಹೋಗಿ ಲಾಗಿನ್ ಆಗಲಿ. ಪಾಸ್‌ವರ್ಡ್ ಮರೆತಿದ್ದರೆ ಹಿಂದುಗಡೆ ರೀಸೆಟ್ ಎಂಬ ಸಣ್ಣ ತೂತು ಇರುತ್ತದೆ. ರೂಟರ್ ಆನ್ ಇರುವಾಗಲೇ ಪಿನ್ ಹಾಕಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಆಗ ಸ್ಟಿಕ್ಕರ್ ಮೇಲಿನ ಪಾಸ್‌ವರ್ಡ್ ನಡೆಯುತ್ತದೆ. ಒಳಗೆ ಹೋದ ಮೇಲೆ ‘ಆಕ್ಸೆಸ್ ಪಾಯಿಂಟ್ ಮೋಡ್’, ಅಂದರೆ ಕೆಳಗಿನ ರೂಟರ್‌ನ ನೆಟ್ಟನ್ನು ವೈಫೈಯಾಗಿ ಹರಡುವ ಕೆಲಸ ಮಾತ್ರ ಮಾಡುವ ಆಯ್ಕೆ ಇದೆಯಾ ನೋಡಲಿ. ಇದ್ದರೆ ಅದನ್ನು ಆರಿಸಿದರೆ ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಹಳೆಯ ರೂಟರ್‌ಗಳಲ್ಲಿ ಇದು ಇರುವುದು ಕಡಿಮೆ. ಇಲ್ಲದಿದ್ದರೆ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗ್ಸ್‌ಗೆ ಹೋಗಿ ವಿಳಾಸವನ್ನು 192.168.1.2 ಎಂದು ಬದಲಿಸಿ ಸೇವ್ ಮಾಡಲಿ. ರೂಟರ್ ರೀಸ್ಟಾರ್ಟ್ ಆಗುತ್ತದೆ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ ಸೇವ್ ಮಾಡಲಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಡಿಎಚ್‌ಸಿಪಿ ಆಫ್ ಮಾಡಿಬಿಟ್ಟರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ. ಅದು 169.254 ಎಂದು ಶುರುವಾಗುವ ಒಂದು ವಿಳಾಸ ತಾನೇ ಹಾಕಿಕೊಂಡು ಕೂರುತ್ತದೆ, ರೂಟರ್ ಒಳಗೆ ಹೋಗಲು ಆಗುವುದಿಲ್ಲ.

ಆಮೇಲೆ ಕೇಬಲ್. ಕೆಳಗಿನ ರೂಟರ್‌ನ ಲ್ಯಾನ್ ಪೋರ್ಟ್‌ನಿಂದ ಮೇಲಿನದ್ದರ ಲ್ಯಾನ್ ಪೋರ್ಟ್‌ಗೇ ಹಾಕಬೇಕು. ಬೇರೆ ಬಣ್ಣದ ಒಂಟಿ ಪೋರ್ಟ್ ಇರುತ್ತದಲ್ಲ, ಹೊರಗಿನ ಇಂಟರ್ನೆಟ್ ಲೈನ್‌ಗೆಂದು ಇರುವ, ವ್ಯಾನ್ ಎಂದು ಬರೆದದ್ದು, ಅದಕ್ಕಲ್ಲ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಮಾತ್ರ ಕೆಲವು ರೂಟರ್‌ಗಳಲ್ಲಿ ವ್ಯಾನ್ ಪೋರ್ಟ್ ಕೂಡ ನಡೆಯುತ್ತದೆ. ಇನ್ನು ಕೆಳಗಿನ ರೂಟರ್‌ನಲ್ಲಿ ಡಿಎಚ್‌ಸಿಪಿ ಯಾವ ಸಂಖ್ಯೆಯಿಂದ ಹಂಚಲು ಶುರು ಮಾಡುತ್ತದೆ ನೋಡಿ. 2ರಿಂದ ಎಂದಿದ್ದರೆ 10ರಿಂದ ಶುರುವಾಗುವಂತೆ ಬದಲಿಸಿ. ಇಲ್ಲವಾದರೆ ಯಾವತ್ತೋ ಒಂದು ದಿನ ನಿಮ್ಮ ಟಿವಿಗೆ 192.168.1.2 ಸಿಕ್ಕಿ, ಅದೇ ಜಗಳ ಬೇರೆ ರೂಪದಲ್ಲಿ ಶುರುವಾಗುತ್ತದೆ. ಹೊಸ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಮೇಲಿನ ರೂಟರ್‌ಗೆ ಅಂಟಿಸಿಡಿ. ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಮಹಡಿಗೆ ಹೋಗುವ ಆ ಕೇಬಲ್ ಮನೆಯ ಹೊರಗಿನಿಂದ, ಮಾಡಿನ ಅಂಚಿನಲ್ಲಿ ಹೋಗಿದ್ದರೆ, ಗುಡುಗು ಮಿಂಚಿನ ದಿನ ಎರಡೂ ತುದಿ ಕಿತ್ತಿಡಿ. ಫೈಬರ್ ಒಳಗಿರುವುದು ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಲ್ಯಾನ್ ಕೇಬಲ್ ಒಳಗಿರುವುದು ಲೋಹದ ತಂತಿ. ರೂಟರ್‌ನ ಪೋರ್ಟ್ ಸುಡುವುದು ಹೀಗೇ.

ಇಷ್ಟೆಲ್ಲ ಹೇಳಿದ ಮೇಲೂ, ಮೇಲಿನ ರೂಟರ್ ಇಲ್ಲದೆಯೂ ಮೂರು ಸಂಜೆಯಲ್ಲಿ ನೆಟ್ ಹೋಯಿತು ಎಂದರೆ ನನ್ನ ಅನುಮಾನ ತಪ್ಪು. ಆಗ ಬೇರೆ ಕಡೆ ಹುಡುಕಬೇಕು. ತೋಟಕ್ಕೆ ನೀರು ಬರದಿದ್ದರೆ ಪಂಪ್‌ಸೆಟ್ಟಿಂದ ಜೆಟ್ಟಿನವರೆಗೆ ಪೈಪನ್ನು ತುಂಡು ತುಂಡಾಗಿ ನೋಡುತ್ತೀರಲ್ಲ, ಹಾಗೇ ಇಲ್ಲೂ. ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗೆ ಒಂದು ತುಂಡು. ರೂಟರ್‌ನಿಂದ ಹೊರಗಿನ ಇಂಟರ್ನೆಟ್‌ವರೆಗೆ ಇನ್ನೊಂದು. ವೆಬ್‌ಸೈಟಿನ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಮೂರನೆಯದು.

ಮೂರು ಕಪ್ಪು ಕಿಟಕಿ ತೆರೆಯಿರಿ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ‘ಇದ್ದೀಯಾ?’ ಎಂದು ಕೂಗಿ ಕೇಳುವ ಕಮಾಂಡ್. ಮೊದಲನೆಯದರಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸ್ಪೇಸ್, 192.168.1.1, ಸ್ಪೇಸ್, ಅಡ್ಡಗೆರೆ, ಟಿ. ಎರಡನೆಯದರಲ್ಲಿ ವಿಳಾಸದ ಜಾಗದಲ್ಲಿ 8.8.8.8 ಹಾಕಿ, ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್. ಎರಡೂ ಕಿಟಕಿಯಲ್ಲಿ ಸೆಕೆಂಡಿಗೊಂದು ಸಾಲು ಬರುತ್ತಾ ಇರುತ್ತದೆ. ಹಾಗೇ ಬಿಟ್ಟು ಪಾಠ ಮಾಡಿ. ನೆಟ್ ಹೋದ ಕೂಡಲೇ ಮೂರನೆಯದರಲ್ಲಿ ಪಿಂಗ್ ಮುಂದೆ ಯಾವುದಾದರೂ ವೆಬ್‌ಸೈಟಿನ ಹೆಸರು ಹಾಕಿ ನೋಡಿ. ‘ರಿಪ್ಲೈ ಫ್ರಮ್’ ಎಂದು ಬಂದು, ಅದೇ ಸಾಲಿನಲ್ಲಿ ‘ಅನ್‌ರೀಚಬಲ್’ ಎಂದು ಇಲ್ಲದಿದ್ದರೆ ಆ ತುಂಡು ಸರಿ ಇದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಥವಾ ‘ಅನ್‌ರೀಚಬಲ್’ ಎಂದು ಬಂದರೆ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಿ. ಈ ಪರೀಕ್ಷೆ ಮಾಡುವಾಗ ಮೇಲಿನ ರೂಟರ್ ಕಿತ್ತಿಟ್ಟಿರಲೇಬೇಕು. ಅದು ಸೇರಿಕೊಂಡಿದ್ದರೆ ಮೊದಲ ಕಿಟಕಿಯ ಪಿಂಗ್‌ಗೆ ಅದೂ ಉತ್ತರ ಕೊಡುತ್ತದೆ, ಎರಡನೆಯದು ಮಾತ್ರ ನಿಲ್ಲುತ್ತದೆ. ನೋಡಿದವರು ‘ಓಹೋ, ಕಂಪನಿಯ ಲೈನೇ ಹೋಗಿದೆ’ ಅನ್ನುತ್ತಾರೆ. ಅನುಭವ ಇರುವವರೂ ಇಲ್ಲಿ ಮೋಸ ಹೋಗುತ್ತಾರೆ.

ಮೊದಲ ಕಿಟಕಿಯೇ ನಿಂತರೆ ತೊಂದರೆ ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ವೈಫೈನಲ್ಲಿದೆ, ಇಲ್ಲವೇ ರೂಟರ್ ತಾನೇ ರೀಸ್ಟಾರ್ಟ್ ಆಗುತ್ತಿದೆ. ರೀಸ್ಟಾರ್ಟ್ ಪತ್ತೆ ಮಾಡುವುದನ್ನು ಮುಂದೆ ಹೇಳುತ್ತೇನೆ, ಈಗ ವೈಫೈ ನೋಡೋಣ. ಒಂದು ಲ್ಯಾನ್ ಕೇಬಲ್ ತಂದು ಲ್ಯಾಪ್‌ಟಾಪನ್ನು ರೂಟರ್‌ಗೆ ನೇರವಾಗಿ ಸೇರಿಸಿ, ಒಂದು ಸಂಜೆ ಪಾಠ ಮಾಡಿ. ಕೇಬಲ್‌ನಲ್ಲಿ ಚೆನ್ನಾಗಿ ನಡೆದರೆ ವೈಫೈಯದ್ದೇ ತಪ್ಪು. ನನ್ನನ್ನು ಕೇಳಿದರೆ, ದಿನಾ ಒಂದೇ ಜಾಗದಲ್ಲಿ ಕೂತು ಪಾಠ ಮಾಡುವವರು ಕೇಬಲ್‌ನಲ್ಲೇ ಮುಂದುವರಿಯುವುದು ಒಳ್ಳೆಯದು.

ವೈಫೈಯೇ ಬೇಕೆಂದರೆ ಮೊದಲು ಡ್ರೈವರ್, ಅಂದರೆ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ನೋಡಿ. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿದ್ದಾರೆ ಎಂದಿರಿ. ಎಷ್ಟೋ ಸಲ ಆಗ ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ವೈಫೈ ಡ್ರೈವರನ್ನೇ ಹಾಕಿಕೊಂಡಿರುತ್ತದೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ ನಂಬರ್ ಕೊಟ್ಟು ಅಲ್ಲಿಂದಲೇ ಡ್ರೈವರ್ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ’ ಎನ್ನುವ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆಯಿರಿ. ಪವರ್ ಮ್ಯಾನೇಜ್‌ಮೆಂಟ್ ಎಂಬ ಭಾಗ ಇದ್ದರೆ, ವಿದ್ಯುತ್ ಉಳಿಸಲು ಈ ಕಾರ್ಡನ್ನು ಆಫ್ ಮಾಡಬಹುದು ಎಂಬ ಸಾಲಿನ ಮುಂದಿನ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಭಾಗ ಕಾಣುವುದಿಲ್ಲ, ಹುಡುಕಿ ಬೇಸರ ಮಾಡಿಕೊಳ್ಳಬೇಡಿ. ಬದಲಾವಣೆ ಆದ ಮೇಲೆ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಕೊಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮತ್ತೆ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ರೇಡಿಯೋ ಗಲಾಟೆ ಇನ್ನೊಂದು ಕಾರಣ. ಮನೆಯ ವೈಫೈ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಬರುತ್ತದೆ. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ ಇವೆ. 5 ಅಷ್ಟು ದೂರ ಹೋಗುವುದಿಲ್ಲ, ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಯಲ್ಲಿ ಎರಡನೆಯ ರೂಮಿಗೇ ಸೋಲುತ್ತದೆ. ರೂಟರ್ ಇರುವ ಕೋಣೆಯಲ್ಲೇ ಪಾಠ ಮಾಡುವುದಾದರೆ 5ಕ್ಕೆ ಕನೆಕ್ಟ್ ಆಗಿ. 2.4 ಬೇಕೇ ಬೇಕು ಎಂದರೆ ಚಾನಲ್ 1, 6, 11 ಈ ಮೂರರಲ್ಲಿ ಒಂದನ್ನೇ ಇಡಿ, ಇವು ಒಂದರ ಮೇಲೊಂದು ಬೀಳುವುದಿಲ್ಲ. ಕೆಳಗಿನ ರೂಟರ್ 1ರಲ್ಲಿದ್ದರೆ ಮಹಡಿಯದ್ದು 6 ಅಥವಾ 11ರಲ್ಲಿರಲಿ.

ಇಲ್ಲಿ ಒಂದು ಘಟನೆ ಹೇಳಬೇಕು. ಒಂದು ಫೋಟೋ ಸ್ಟುಡಿಯೋದಲ್ಲಿ ಇದೇ ತರದ ದೂರು. ಆಲ್ಬಂ ಅಪ್‌ಲೋಡ್ ಮಾಡುವಾಗ ಮಾತ್ರ ವೈಫೈ ಸತ್ತುಹೋಗುತ್ತದೆ, ಸುಮ್ನೆ ಬ್ರೌಸ್ ಮಾಡುವಾಗ ಏನೂ ಆಗುವುದಿಲ್ಲ. ಎರಡು ದಿನ ರೂಟರ್ ಮುಂದೆ ಕೂತೆ. ಆಮೇಲೆ ಅವರ ಕೈ ನೋಡುತ್ತಾ ಕೂತೆ. ಫೋಟೋಗಳಿದ್ದ ಹಾರ್ಡ್‌ಡಿಸ್ಕಿನ ನೀಲಿ ಯುಎಸ್‌ಬಿ ತುದಿ ಚುಚ್ಚಿದರು, ಅದರ ದೀಪ ಮಿನುಗತೊಡಗಿತು, ಪರದೆಯಲ್ಲಿ ಮೂರು ಕಡ್ಡಿ ಇದ್ದ ವೈಫೈ ಒಂದು ಕಡ್ಡಿಗೆ ಇಳಿಯಿತು. ಕಿತ್ತರೆ ಮತ್ತೆ ಮೂರು. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಈ ಬಗ್ಗೆ ವಿವರವಾದ ವರದಿ ಪ್ರಕಟಿಸಿದೆ. ಒಂದು ಮೀಟರ್ ಉದ್ದದ ಒಳ್ಳೆಯ ಕೇಬಲ್ ಹಾಕಿ ಡಿಸ್ಕನ್ನು ದೂರ ಇಟ್ಟು, ಲ್ಯಾಪ್‌ಟಾಪನ್ನು 5ಕ್ಕೆ ಬದಲಿಸಿದ ಮೇಲೆ ದೂರು ನಿಂತಿತು. ನೀವೂ ಪಾಠ ರೆಕಾರ್ಡ್ ಮಾಡಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕುತ್ತಿದ್ದರೆ ಇದನ್ನು ಗಮನಿಸಿ.

ಎರಡೂ ಕಿಟಕಿ ಒಟ್ಟಿಗೆ ನಿಂತರೆ ರೂಟರ್ ಮತ್ತು ಅದರ ವಿದ್ಯುತ್ ಕೂಡ ನೋಡಿ. ಮೊದಲ ಕಿಟಕಿ ಸರಿ ಇದ್ದು ಎರಡನೆಯದು ಮಾತ್ರ ನಿಂತರೆ ಫೈಬರ್ ಕಡೆ ನೋಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ ಎಂದು ಇರುತ್ತದೆ, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ನೀವು ಆಫ್ ಮಾಡದಿದ್ದರೂ ಅದು ಹತ್ತು ನಿಮಿಷ ಎಂದು ತೋರಿಸಿದರೆ ರೂಟರ್ ತಾನೇ ರೀಸ್ಟಾರ್ಟ್ ಆಗುತ್ತಿದೆ. ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣದಲ್ಲಿ ಹೀಗಾಗುತ್ತದೆ. ಹಳೆಯದಾದ ಅಡಾಪ್ಟರ್‌ನಿಂದಲೂ ಆಗುತ್ತದೆ. ಅಡಾಪ್ಟರ್ ಬದಲಿಸುವಾಗ ವೋಲ್ಟೇಜ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಕೊಂಡರೆ ಇನ್ವರ್ಟರ್ ತಕರಾರು ಇರುವುದಿಲ್ಲ.

ಅಪ್‌ಟೈಮ್ ಸರಿ ಇದ್ದರೆ ಫೈಬರ್. ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿಣುಕಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಕೆಲವೊಮ್ಮೆ ದೀಪ ಹಸಿರೇ ಇದ್ದರೂ ಬೆಳಕು ದುರ್ಬಲವಾಗಿರುತ್ತದೆ. ಅದೇ ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ, ಡಿಬಿಎಂ ಎಂಬ ಅಳತೆಯಲ್ಲಿ ಇರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ಮೈನಸ್ 27 ಸಾಮಾನ್ಯ ಮನೆ ರೂಟರ್‌ನ ಕಡೆಯ ಗಡಿ. ಮೈನಸ್ 26 ಎಂದು ತೋರಿಸುವ ಲೈನ್ ಹಗಲಲ್ಲಿ ನಡೆದು, ಮಳೆ ಗಾಳಿಗೆ ಬೀಳುತ್ತದೆ. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧಕ್ಕರ್ಧ ಕಡಿಮೆ ಆದಂತೆ. ರೂಟರ್ ಹಿಂದೆ ಫೈಬರ್ ಮಡಚಿ ಕೂತಿದೆಯಾ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯಾ ನೋಡಿ. ಅಂಗೈ ಅಗಲದ ಸುರುಳಿಗಿಂತ ಬಿಗಿಯಾಗಿ ಸುತ್ತಬಾರದು. ಆದರೆ ಆ ಹಸಿರು ತುದಿಯ ಕನೆಕ್ಟರ್ ಕಿತ್ತು ಒಳಗೆ ಇಣುಕಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಒಳ್ಳೆಯದಲ್ಲ. ತುದಿಗೆ ಬೆರಳು ತಾಗಿದರೂ ಕೊಳೆ ಕೂತು ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ.

ಎರಡೂ ಕಿಟಕಿ ಓಡುತ್ತಿದ್ದು ಹೆಸರಿನ ಪಿಂಗ್ ಮಾತ್ರ ‘ಹೋಸ್ಟ್ ಸಿಗಲಿಲ್ಲ’ ಎಂದರೆ ಡಿಎನ್‌ಎಸ್ ತೊಂದರೆ. ಲ್ಯಾಪ್‌ಟಾಪ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಮತ್ತು 1.1.1.1 ಹಾಕಿ. ಅಷ್ಟೇ.

ಈ ಯಾವುದನ್ನೂ ನೋಡದೆ ವಿಂಡೋಸ್‌ನ ‘ನೆಟ್‌ವರ್ಕ್ ರೀಸೆಟ್’ ಒತ್ತಬೇಡಿ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ, ಮೇಲಿನ ರೂಟರ್ ಮಾತ್ರ ಅಲ್ಲೇ ಇರುತ್ತದೆ.

ಫೈಬರ್‌ದೇ ತೊಂದರೆ ಎಂದು ಗೊತ್ತಾದರೆ ಬಾಯಿಮಾತಿನ ದೂರು ಸಾಕಾಗುವುದಿಲ್ಲ. ದಿನಾಂಕ, ನಿಂತ ಹೊತ್ತು, ಮತ್ತೆ ಬಂದ ಹೊತ್ತು, ಆಗ ಎಲ್‌ಓಎಸ್ ದೀಪದ ಬಣ್ಣ, ಡಿಬಿಎಂ ಸಂಖ್ಯೆ, ಎರಡು ಪಿಂಗ್ ಕಿಟಕಿಗಳ ಫೋಟೋ, ಇಷ್ಟನ್ನು ಒಂದು ವಾರ ಬರೆದಿಡಿ. ದೂರು ಕೊಟ್ಟಾಗ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಕೇಳಿ ಪಡೆಯಿರಿ. ಸಂಜೆ ಏಳಕ್ಕೇ ಬಂದು ನೋಡಿ ಎಂದು ಒತ್ತಾಯಿಸಿ, ಹಗಲು ಬಂದರೆ ಮತ್ತೆ ಅದೇ ಉತ್ತರ ಸಿಗುತ್ತದೆ. ದೂರು ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ತಂದ ನಿಯಮದಲ್ಲಿ ಈ ಎರಡು ಹಂತದ ವ್ಯವಸ್ಥೆ ಇದೆ, ಮೇಲ್ಮನವಿಗೆ ಶುಲ್ಕ ಇಲ್ಲ.

ಆದರೂ ನಿಮ್ಮ ವಿಷಯದಲ್ಲಿ ಅಲ್ಲಿಯವರೆಗೆ ಹೋಗುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಇವತ್ತು ಸಂಜೆಯಿಂದಲೇ ಮೂರು ದಿನದ ಪರೀಕ್ಷೆ ಶುರು ಮಾಡಿ. ಆ ಮೂರು ದಿನ ಮಗ ಕೆಳಗೆ ಬಂದು ಕೂತು ಓದಲಿ. ಆಮೇಲೆ ನನಗೆ ಬರೆಯುವಾಗ 192.168.1.1 ಸಾಲಿನ ಎರಡು ಫೋಟೋ ಕಳಿಸಿ, ನೆಟ್ ಇದ್ದಾಗಿನದೊಂದು, ಹೋದಾಗಿನದೊಂದು. ಮೇಲಿನ ರೂಟರ್‌ನ ಮಾಡೆಲ್ ನಂಬರ್ ಕೂಡ ಬರೆದರೆ, ಅದರಲ್ಲಿ ಡಿಎಚ್‌ಸಿಪಿ ಎಲ್ಲಿ ಅಡಗಿದೆ ಎಂದು ಹುಡುಕಿ ಹೇಳುತ್ತೇನೆ.